ನೆಲ ಮುಟ್ಟಿದರೆ ಔಟ್ ಅಲ್ಲ: ಹಳೇ ಕಾಲದ ಸ್ಕೇಟ್‌ಬೋರ್ಡ್ ಟ್ರಿಕ್‌ಗಳನ್ನು ಕಲಿಯುವ ಬಗೆ

(ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಕೇಟ್‌ಬೋರ್ಡ್ ಕಲಿಯಲು ಹೊರಟವರಿಗೆ ಇವತ್ತು ಎಲ್ಲರೂ ಹೇಳುವ ಮಾತು ಒಂದೇ. ಮೊದಲು ಆಲಿ ಕಲಿ. ಆಲಿ ಅಂದರೆ ಕೈ ಹಚ್ಚದೆ, ಕಾಲಿನಿಂದಲೇ ಬೋರ್ಡನ್ನು ಮೇಲೆಬ್ಬಿಸಿ ಅದರ ಸಮೇತ ಹಾರುವುದು. ಅದು ಬಂದರೆ ಮಿಕ್ಕಿದ್ದು ತಾನಾಗಿ ಬರುತ್ತದೆ, ಅದು ಬರದಿದ್ದರೆ ಏನೂ ಇಲ್ಲ ಅನ್ನುವ ನಂಬಿಕೆ ಬಲವಾಗಿದೆ. ಎಷ್ಟೋ ಜನ ನಿಂತಲ್ಲೇ ನಿಂತು ಟೇಲನ್ನು, ಅಂದರೆ ಬೋರ್ಡಿನ ಹಿಂದಿನ ತುದಿಯನ್ನು, ಕುಟ್ಟುತ್ತಾರೆ. ಬೋರ್ಡ್ ಏಳುವುದಿಲ್ಲ. ಬೇಜಾರಾಗಿ ಅದನ್ನು ಮಂಚದ ಕೆಳಗೆ ತಳ್ಳಿಬಿಡುತ್ತಾರೆ.

ನಾನು ಇವತ್ತು ಹೇಳುವುದು ಆಲಿಗೆ ಮುಂಚಿನ ಟ್ರಿಕ್‌ಗಳ ಬಗ್ಗೆ, ಆಮೇಲೆ ಆಲಿಯ ಪಕ್ಕದಲ್ಲೇ ಬೆಳೆದ, ಆದರೆ ಆಲಿ ಬೇಡದ ಟ್ರಿಕ್‌ಗಳ ಬಗ್ಗೆ. ಸ್ಕೇಟರ್‌ಗಳು ಇವನ್ನೆಲ್ಲ ಸೇರಿಸಿ ಓಲ್ಡ್ ಸ್ಕೂಲ್ ಅನ್ನುತ್ತಾರೆ. ಟಿಕ್-ಟ್ಯಾಕ್, ಬರ್ಟ್ ಸ್ಲೈಡ್, ನೋ ಕಂಪ್ಲೈ, ಬೋನ್‌ಲೆಸ್, ಸ್ಲ್ಯಾಪಿ, ಹೀಗೆ. ಹೆಸರುಗಳು ವಿಚಿತ್ರವಾಗಿವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಸಾಮಾನ್ಯ ಗುಣವಿದೆ. ಈಗಿನ ಸ್ಟ್ರೀಟ್ ಸ್ಕೇಟಿಂಗ್‌ನಲ್ಲಿ, ಅಂದರೆ ರಸ್ತೆ, ಮೆಟ್ಟಿಲು, ಕಟ್ಟೆಗಳ ಮೇಲಿನ ಆಟದಲ್ಲಿ, ಟ್ರಿಕ್ ಮುಗಿಸುವಾಗ ಕಾಲಿನ ತುದಿ ನೆಲಕ್ಕೆ ತಾಗಿದರೂ ಆ ಟ್ರಿಕ್ ಲೆಕ್ಕಕ್ಕಿಲ್ಲ. ಕೈ ಊರಿದರಂತೂ ಮುಗಿದೇ ಹೋಯಿತು. ಹಳೇ ಟ್ರಿಕ್‌ಗಳಲ್ಲಿ ಹಾಗಲ್ಲ. ಅಲ್ಲಿ ಕಾಲನ್ನು ಬೇಕೆಂದೇ ನೆಲಕ್ಕೆ ಇಡುತ್ತೀರಿ. ಕೈಯನ್ನು ಬೇಕೆಂದೇ ಊರುತ್ತೀರಿ. ಬೋರ್ಡ್ ಬಿಟ್ಟು ಇಳಿಯುವುದು, ಮತ್ತೆ ಅದರ ಮೇಲೆ ಬರುವುದು, ಇದೇ ಅಲ್ಲಿನ ಆಟ. ಹೊಸಬರಿಗೆ ಮೊದಲು ಬೇಕಾದ ವಿದ್ಯೆಯೂ ಇದೇ ಅಲ್ವಾ? ಬಿದ್ದರೆ ಹೇಗೆ, ಇಳಿದರೆ ಹೇಗೆ ಅನ್ನುವುದು ಗೊತ್ತಿಲ್ಲದವರಿಗೆ ಹಾರುವುದನ್ನು ಯಾಕೆ ಹೇಳಿಕೊಡಬೇಕು?

ಚಕ್ರ ಹೇಗೋ ಹಾಗೆ ಟ್ರಿಕ್

ಈ ಟ್ರಿಕ್‌ಗಳು ಯಾಕೆ ಹೀಗಿವೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್‌ಗಳು, ಸಮುದ್ರದಲ್ಲಿ ಅಲೆ ಇಲ್ಲದ ದಿನ ಕಾಲಕ್ಷೇಪಕ್ಕೆ, ರೋಲರ್ ಸ್ಕೇಟಿನ ಚಕ್ರಗಳನ್ನು ಮರದ ಹಲಗೆಗೆ ಬಡಿದು ರಸ್ತೆಯಲ್ಲಿ ಓಡಿಸಿದರು. ಮೊದಲು ಲೋಹದ ಚಕ್ರ. ಆಮೇಲೆ 1960ರ ದಶಕದಲ್ಲಿ ಕ್ಲೇ, ಅಂದರೆ ಜೇಡಿಮಣ್ಣಿನ ಮಿಶ್ರಣದ ಚಕ್ರ ಬಂತು. ಅದು ಲೋಹಕ್ಕಿಂತ ಮೆತ್ತಗೆ ಓಡುತ್ತಿತ್ತು, ಆದರೆ ಹಿಡಿತ ಕಡಿಮೆ. ಸಣ್ಣ ಕಲ್ಲು ಸಿಕ್ಕರೆ ಚಕ್ರ ಅಲ್ಲೇ ನಿಲ್ಲುತ್ತಿತ್ತು, ಮೇಲಿದ್ದವರು ಮುಂದಕ್ಕೆ ಹೋಗುತ್ತಿದ್ದರು.

ಅಂಥ ಬೋರ್ಡಿನ ಮೇಲೆ ಏನು ಮಾಡಲಾಗುತ್ತದೆ? ಜೋರಾಗಿ ತಿರುಗಲಾಗದು, ಹಾರಲಾಗದು. ನಯವಾದ ಜಾಗ ಹುಡುಕಿ ಅಲ್ಲೇ ಕಸರತ್ತು ಮಾಡಬೇಕು. ಹಾಗಾಗಿ ಆ ಕಾಲದ ಟ್ರಿಕ್‌ಗಳು ಕೈ ಮೇಲೆ ನಿಲ್ಲುವುದು, ಬೋರ್ಡಿನ ತುದಿಗೆ ನಡೆದು ಹತ್ತೂ ಬೆರಳು ಹೊರಗಿಟ್ಟು ನಿಲ್ಲುವುದು, ಹಿಂದಿನ ಚಕ್ರಗಳ ಮೇಲೆ ಗಿರಗಿರ ಸುತ್ತುವುದು, ಎರಡು ಬೋರ್ಡ್ ಮೇಲೆ ಒಂದೊಂದು ಕಾಲಿಟ್ಟು ಹೋಗುವುದು. 1965ರ ಮೇ ತಿಂಗಳಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಮುಖಪುಟಕ್ಕೆ ಪ್ಯಾಟಿ ಮೆಗೀ ಅನ್ನುವ ಯುವತಿಯ ಚಿತ್ರ ಬಂತು. ಬೋರ್ಡ್ ಮೇಲೆ ತಲೆಕೆಳಗಾಗಿ ಕೈಯಲ್ಲಿ ನಿಂತಿದ್ದಾಳೆ, ಬರಿಗಾಲು. ಆ ಕಾಲದ ಸ್ಕೇಟಿಂಗ್ ಹೇಗಿತ್ತು ಅಂತ ಕೇಳಿದವರಿಗೆ ಆ ಒಂದು ಚಿತ್ರ ತೋರಿಸಿದರೆ ಸಾಕು.

1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್ವರ್ದಿ ಅನ್ನುವವರು ಯುರೆಥೇನ್ ಚಕ್ರವನ್ನು ಸ್ಕೇಟ್‌ಬೋರ್ಡಿಗೆ ತಂದರು. ಕ್ಯಾಡಿಲ್ಯಾಕ್ ವೀಲ್ಸ್ ಅಂತ ಅದರ ಹೆಸರು. ಈ ಪ್ಲಾಸ್ಟಿಕ್ಕು ನೆಲವನ್ನು ಕಚ್ಚುತ್ತದೆ, ಸಣ್ಣ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ. ಅಷ್ಟೇ, ಆಟವೇ ಬದಲಾಯಿತು. ಈಗ ಜೋರಾಗಿ ತಿರುಗಬಹುದು, ಬಾಗಬಹುದು, ಇಳಿಜಾರಿನ ಗೋಡೆ ಹತ್ತಬಹುದು. 1975ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಸ್ಪರ್ಧೆಗೆ ಝೆಫರ್ ಅನ್ನುವ ಸ್ಕೇಟ್ ತಂಡದ ಹುಡುಗರು ಮತ್ತು ಪೆಗಿ ಓಕಿ ಅನ್ನುವ ಹುಡುಗಿ ಬಂದರು. ಸುತ್ತಲಿನವರೆಲ್ಲ ನೆಟ್ಟಗೆ ನಿಂತು ಕಸರತ್ತು ಮಾಡುತ್ತಿದ್ದರೆ ಇವರು ಕುಕ್ಕರಗಾಲಿನಲ್ಲಿ ಕೂತು, ಕೈ ನೆಲಕ್ಕೆ ಊರಿ, ಅದನ್ನೇ ಗೂಟ ಮಾಡಿಕೊಂಡು ಬೋರ್ಡನ್ನು ಸುತ್ತಿಸಿದರು. ಹವಾಯಿಯ ಸರ್ಫರ್ ಲ್ಯಾರಿ ಬರ್ಟಲ್‌ಮನ್ ಅಲೆಯ ಮೇಲೆ ಮಾಡುತ್ತಿದ್ದ ತಿರುವನ್ನು ಕಾಂಕ್ರೀಟ್ ಮೇಲೆ ನಕಲು ಮಾಡಿದ್ದು ಅದು. ಬರ್ಟ್ ಅನ್ನುವ ಹೆಸರು ಅವನಿಂದಲೇ ಬಂತು.

ಇನ್ನೊಂದು ಕಡೆ ಫ್ಲೋರಿಡಾದಲ್ಲಿ ಅಲನ್ ಗೆಲ್ಫಾಂಡ್ ಅನ್ನುವ ಹುಡುಗ 1970ರ ದಶಕದ ಕೊನೆಗೆ ಬೌಲಿನ, ಅಂದರೆ ಬಟ್ಟಲಿನಂಥ ಕಾಂಕ್ರೀಟ್ ಹಳ್ಳದ, ಗೋಡೆಯ ಮೇಲೆ ಕೈ ಹಚ್ಚದೆ ಗಾಳಿಗೆ ಏಳುವುದನ್ನು ಕಂಡುಕೊಂಡ. ಅವನ ಅಡ್ಡಹೆಸರು ಆಲಿ. ಮುಂದಿನ ದಶಕದ ಆರಂಭದಲ್ಲಿ ರಾಡ್ನಿ ಮುಲೆನ್ ಅನ್ನುವ ಸ್ಕೇಟರ್ ಅದನ್ನು ಸಮತಟ್ಟು ನೆಲದ ಮೇಲೆ ಮಾಡಿ ತೋರಿಸಿದ. ಟೇಲ್ ನೆಲಕ್ಕೆ ಬಡಿದು ಪುಟಿಯುವ ಹೊತ್ತಿಗೆ ಮುಂಗಾಲನ್ನು ಉಜ್ಜಿ ಬೋರ್ಡನ್ನು ಮಟ್ಟ ಮಾಡುವುದು. ಈಗಿನ ಸ್ಟ್ರೀಟ್ ಸ್ಕೇಟಿಂಗ್ ಬಹುಪಾಲು ನಿಂತಿರುವುದು ಆ ಒಂದು ಚಲನೆಯ ಮೇಲೆ. ನಾನು ಆಲಿಯ ವಿರೋಧಿ ಅಲ್ಲ. ಅದು ಅದ್ಭುತವಾದ ಟ್ರಿಕ್. ಆದರೆ ಅದು ಬಂದ ಮೇಲೆ ಸ್ಟ್ರೀಟ್‌ನಲ್ಲಿ ಕೈಗೆ ಕೆಲಸವೇ ಇಲ್ಲದಂತಾಯಿತು. 1990ರ ದಶಕದ ಆರಂಭದಲ್ಲಿ ಬೋರ್ಡ್ ಕಿರಿದಾಯಿತು, ಚಕ್ರ ಪುಟ್ಟದಾಯಿತು. ಕೈ ಹಚ್ಚುವ ಟ್ರಿಕ್ ಮಾಡಿದವರನ್ನು ಹಳಬರು ಅಂತ ನಗಾಡುವ ಕಾಲವೂ ಬಂತು. ಬೌಲ್ ಮತ್ತು ರ‍್ಯಾಂಪ್‌ಗಳಲ್ಲಿ ಮಾತ್ರ ಕೈಯ ಮರ್ಯಾದೆ ಉಳಿಯಿತು. ಅಲ್ಲಿ ಒಂದು ಕೈ ಊರಿ ತಲೆಕೆಳಗಾಗುವ ಹ್ಯಾಂಡ್‌ಪ್ಲಾಂಟ್ ಈಗಲೂ ನಡೆಯುತ್ತದೆ.

ಇತಿಹಾಸ ಇಷ್ಟು ಸಾಕು. ಬೋರ್ಡ್ ಹತ್ತೋಣ.

ಬೋರ್ಡ್ ಬಗ್ಗೆ ಎರಡು ಮಾತು

ಹಳೇ ಟ್ರಿಕ್ ಕಲಿಯಲು ಹಳೇ ಆಕಾರದ ಬೋರ್ಡೇ ಬೇಕೆಂದಿಲ್ಲ. 1980ರ ದಶಕದ ಡೆಕ್‌ಗಳು, ಅಂದರೆ ಕಾಲಿಡುವ ಹಲಗೆಗಳು, ಸುಮಾರು 10 ಇಂಚು ಅಗಲ, ದೊಡ್ಡ ಟೇಲ್, ಮೊಂಡು ನೋಸ್, ಅಂದರೆ ಮುಂದಿನ ತುದಿ. ಅವುಗಳ ಮೇಲೆ ಬೋನ್‌ಲೆಸ್ ಸುಲಭ, ಯಾಕೆಂದರೆ ಕಾಲಿಡಲು ಜಾಗ ಜಾಸ್ತಿ. ಈಗ ಮಾಮೂಲಿಯಾಗಿ ಸಿಗುವ 8.25ರಿಂದ 8.5 ಇಂಚಿನ ಡೆಕ್ಕಿನಲ್ಲೂ ನಾನು ಹೇಳುವ ಎಲ್ಲವೂ ಆಗುತ್ತದೆ.

ಗಮನ ಕೊಡಬೇಕಾದದ್ದು ಚಕ್ರಕ್ಕೆ. ಚಕ್ರದ ಗಡಸುತನವನ್ನು ಎ ಅಳತೆಯಲ್ಲಿ ಹೇಳುತ್ತಾರೆ. 78ಎ ಅಂದರೆ ಮೆತ್ತಗಿನದು, 99ಎ ಅಂದರೆ ಗಟ್ಟಿ. ಒರಟು ರಸ್ತೆಯಲ್ಲಿ ಆರಾಮಾಗಿ ಓಡಲು ಮೆತ್ತಗಿನದು ಚೆನ್ನ. ಆದರೆ ಜಾರುವ ಟ್ರಿಕ್‌ಗೆ ಅದು ಕೈಕೊಡುತ್ತದೆ. ನೀವು ಬೋರ್ಡನ್ನು ಅಡ್ಡ ತಿರುಗಿಸಿದರೆ ಮೆತ್ತನೆಯ ಚಕ್ರ ನೆಲ ಕಚ್ಚಿ ನಿಂತುಬಿಡುತ್ತದೆ. ಬೋರ್ಡ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಬರ್ಟ್, ಪವರ್‌ಸ್ಲೈಡ್, ಸ್ಲ್ಯಾಪಿ ಕಲಿಯುವವರು 95ಎ ಮೇಲಿನ ಚಕ್ರ ಹಾಕಿಕೊಳ್ಳಿ.

ಟ್ರಕ್ಕಿನ, ಅಂದರೆ ಚಕ್ರಗಳನ್ನು ಡೆಕ್ಕಿಗೆ ಜೋಡಿಸುವ ಲೋಹದ ಭಾಗದ, ನಡುವಿನ ದೊಡ್ಡ ನಟ್ಟನ್ನು ಸ್ವಲ್ಪ ಸಡಿಲ ಮಾಡಿ. ಹೊಸಬರು ಭಯಕ್ಕೆ ಬಿಗಿ ಮಾಡಿಟ್ಟುಕೊಳ್ಳುತ್ತಾರೆ. ಬಿಗಿ ಟ್ರಕ್ ನೇರ ಹೋಗಲು ಸರಿ, ಬಾಗಲು ಬಿಡುವುದಿಲ್ಲ. ಹಳೇ ಟ್ರಿಕ್‌ಗಳೆಲ್ಲ ಬಾಗುವುದರ ಮೇಲೇ ನಿಂತಿವೆ.

ಹೆಲ್ಮೆಟ್ ಬಗ್ಗೆ ಚರ್ಚೆ ಇಲ್ಲ. ಹಾಕಿಕೊಳ್ಳಿ.

ಮೊದಲು ಇಳಿಯುವುದು

ಮೊದಲ ಪಾಠದಲ್ಲಿ ನಾನು ಟ್ರಿಕ್ ಹೇಳಿಕೊಡುವುದಿಲ್ಲ. ನಿಧಾನವಾಗಿ ಉರುಳುತ್ತಾ ಹೋಗಿ, ಮುಂದಿನ ಕಾಲನ್ನು ನೆಲಕ್ಕಿಟ್ಟು, ಬೋರ್ಡ್ ಬಿಟ್ಟು, ನಡೆದುಕೊಂಡು ಹೋಗಿ ಅನ್ನುತ್ತೇನೆ. ಅಷ್ಟೇ. ಜನ ನಗುತ್ತಾರೆ. ಆದರೆ ಮಾಡಿ ನೋಡಿ. ಮೊದಲೆರಡು ಸಲ ಹೆಚ್ಚಿನವರು ಕಾಲನ್ನು ನೇರ ಕೆಳಗೆ ಇಡುತ್ತಾರೆ, ಮುಗ್ಗರಿಸುತ್ತಾರೆ.

ಕಾರಣ ಸರಳ. ನೆಲ ನಿಂತಿದೆ, ನೀವು ಓಡುತ್ತಿದ್ದೀರಿ. ನೆಲಕ್ಕೆ ತಾಗಿದ ಕೂಡಲೇ ಕಾಲು ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಓಡುತ್ತಿರುವ ಬಸ್ಸಿನಿಂದ ಇಳಿದು ಅಭ್ಯಾಸ ಇರುವವರು ಬಸ್ಸು ಹೋಗುವ ದಿಕ್ಕಿಗೇ ಹೆಜ್ಜೆ ಹಾಕುತ್ತಾರೆ. ಇಲ್ಲೂ ಅಷ್ಟೇ. ಕಾಲು ಮೈಗಿಂತ ಸ್ವಲ್ಪ ಮುಂದೆ ಬೀಳಬೇಕು, ಮಂಡಿ ಬಗ್ಗಿರಬೇಕು. ಆಗ ಮೈ ಅದರ ಮೇಲೆ ಹಾದುಹೋಗುತ್ತದೆ, ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ.

ಇದು ಕಲಿತವರಿಗೆ ಎರಡು ಲಾಭ. ಏನಾದರೂ ಎಡವಟ್ಟಾದಾಗ ಬೀಳುವ ಬದಲು ಇಳಿದು ಓಡುತ್ತಾರೆ. ಇನ್ನೊಂದು, ಅವರಿಗೆ ಗೊತ್ತಿಲ್ಲದಂತೆಯೇ ನೋ ಕಂಪ್ಲೈ ಟ್ರಿಕ್ಕಿನ ಅರ್ಧ ಬಂದಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇದರ ತದ್ವಿರುದ್ಧ ಪಾಠ ಹಿಪ್ಪಿ ಜಂಪ್. ಬೋರ್ಡ್ ಉರುಳುತ್ತಾ ಒಂದು ಅಡ್ಡ ಕೋಲಿನ ಕೆಳಗೆ ಹೋಗುತ್ತದೆ, ನೀವು ಕೋಲಿನ ಮೇಲಿಂದ ಹಾರಿ ಮತ್ತೆ ಅದೇ ಬೋರ್ಡ್ ಮೇಲೆ ಇಳಿಯುತ್ತೀರಿ. ಕೋಲು ಬೇಡ, ಮೊದಲು ನೆಲದ ಮೇಲೆ ಎಳೆದ ಗೆರೆ ಸಾಕು. ಇಲ್ಲಿ ಎಲ್ಲರೂ ಮುಂದಕ್ಕೆ ಹಾರುತ್ತಾರೆ. ಮುಂದಕ್ಕೆ ಹಾರಬೇಕೆಂದರೆ ಬೋರ್ಡನ್ನು ಹಿಂದಕ್ಕೆ ತಳ್ಳಲೇಬೇಕು, ಅದು ಹಿಂದೆ ಉಳಿಯುತ್ತದೆ. ನೀವು ಬೋರ್ಡಿನ ವೇಗದಲ್ಲೇ ಹೋಗುತ್ತಿದ್ದೀರಿ, ಗಾಳಿಯಲ್ಲಿದ್ದರೂ ಆ ವೇಗ ಹಾಗೇ ಇರುತ್ತದೆ. ನೆಟ್ಟಗೆ ಮೇಲಕ್ಕೆ ಹಾರಿದರೆ ಬೋರ್ಡ್ ಸರಿಯಾಗಿ ಕಾಲ ಕೆಳಗೇ ಬರುತ್ತದೆ. ನೆಲಕ್ಕೆ ಇಳಿಯುವಾಗ ಕಾಲು ಮುಂದೆ, ಗಾಳಿಗೆ ಏಳುವಾಗ ನೇರ ಮೇಲೆ. ಈ ಎರಡು ಮೈಗೆ ಹತ್ತಿದರೆ ಅರ್ಧ ಭಯ ಹೋಗುತ್ತದೆ.

ಟಿಕ್-ಟ್ಯಾಕ್ ಮತ್ತು ಜಾರುವುದು

ಕಿಕ್‌ಟೇಲ್, ಅಂದರೆ ಹಿಂದುಗಡೆ ಮೇಲಕ್ಕೆ ಬಾಗಿದ ತುದಿ, ಮೊದಲಿನಿಂದ ಇದ್ದದ್ದಲ್ಲ. ಮಕಾಹಾ ಕಂಪನಿಯ ಲ್ಯಾರಿ ಸ್ಟೀವನ್‌ಸನ್ 1969ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆ ಬಾಗಿದ ತುದಿ ಮೆಟ್ಟಿ ಮುಂದಿನ ಚಕ್ರ ಎತ್ತಿ ತಿರುಗುವುದೇ ಕಿಕ್‌ಟರ್ನ್. ಎಡಕ್ಕೊಂದು ಬಲಕ್ಕೊಂದು ಕಿಕ್‌ಟರ್ನ್ ಬಿಡದೆ ಮಾಡಿದರೆ ಟಿಕ್-ಟ್ಯಾಕ್. ನೆಲಕ್ಕೆ ಕಾಲೇ ಹಚ್ಚದೆ ಮುಂದೆ ಹೋಗಬಹುದು.

ಇದರಲ್ಲಿ ಗುಟ್ಟು ಕಾಲಲ್ಲಿಲ್ಲ, ಹೆಗಲಲ್ಲಿದೆ. ಹೆಗಲು ಮೊದಲು ತಿರುಗಬೇಕು, ಸೊಂಟ ಅದರ ಹಿಂದೆ, ಬೋರ್ಡ್ ಕೊನೆಗೆ. ಕಾಲಲ್ಲೇ ಬೋರ್ಡ್ ಅಲ್ಲಾಡಿಸುವವರು ಇದ್ದಲ್ಲೇ ಟಕಟಕ ಸದ್ದು ಮಾಡುತ್ತಾರೆ, ಒಂದಡಿ ಮುಂದೆ ಹೋಗುವುದಿಲ್ಲ. ನೋಸ್ ಅರ್ಧ ಇಂಚು ಎದ್ದರೆ ಸಾಕು. ಜಾಸ್ತಿ ಎತ್ತಿದರೆ ಭಾರವೆಲ್ಲ ಹಿಂದೆ ಹೋಗಿ ಬೋರ್ಡ್ ಮುಂದಕ್ಕೆ ಜಾರುತ್ತದೆ, ನೀವು ಕೂತುಬಿಡುತ್ತೀರಿ. ಟಿಕ್-ಟ್ಯಾಕನ್ನು ಮಕ್ಕಳಾಟ ಅಂತ ಬಿಡಬೇಡಿ. ಮುಂದಿನ ಎಲ್ಲ ಟ್ರಿಕ್‌ಗಳಲ್ಲೂ ತಿರುಗುವ ಕೆಲಸ ಹೆಗಲದ್ದೇ.

ಬರ್ಟ್ ಸ್ಲೈಡ್ ನನಗೆ ತುಂಬ ಇಷ್ಟದ ಟ್ರಿಕ್. ನೋಡಲು ಚಂದ, ಎತ್ತರದಿಂದ ಬೀಳುವ ಮಾತಿಲ್ಲ, ಯಾಕೆಂದರೆ ನೀವು ಆಗಲೇ ನೆಲದ ಹತ್ತಿರ ಇರುತ್ತೀರಿ. ಸಣ್ಣ ಇಳಿಜಾರು ಇದ್ದರೆ ಒಳ್ಳೆಯದು. ಸ್ವಲ್ಪ ವೇಗದಲ್ಲಿ ಬನ್ನಿ. ಮಂಡಿ ಎದೆಗೆ ತಾಗುವಷ್ಟು ಕುಕ್ಕರಿಸಿ. ತಿರುಗುವ ಕಡೆಗೆ ಬಾಗಿ, ಆ ಕಡೆಯ ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಇಡಿ. ಈಗ ಮೈಭಾರದಲ್ಲಿ ಒಂದು ಪಾಲು ಕೈಗೆ ಬಂತು. ಚಕ್ರಗಳ ಮೇಲೆ ಒತ್ತಡ ಕಡಿಮೆಯಾಯಿತು. ಒತ್ತಡ ಕಡಿಮೆಯಾದರೆ ಹಿಡಿತವೂ ಕಡಿಮೆ, ಹಾಗಾಗಿ ಹಿಂದಿನ ಕಾಲನ್ನು ಹೊರಕ್ಕೆ ತಳ್ಳಿದರೆ ಬೋರ್ಡಿನ ಹಿಂಭಾಗ ಕಮಾನಿನಂತೆ ಜಾರಿಕೊಂಡು ಬರುತ್ತದೆ.

ಹೆಚ್ಚಿನವರು ಹಾಳು ಮಾಡಿಕೊಳ್ಳುವುದು ಎರಡು ಕಡೆ. ಒಂದು, ಕೈಯನ್ನು ದೂರ ಚಾಚಿ, ಮೊಣಕೈ ನೆಟ್ಟಗೆ ಮಾಡಿ ಊರುವುದು. ಮಣಿಕಟ್ಟಿಗೆ ಪೆಟ್ಟು ಬೀಳುವುದೇ ಹೀಗೆ. ಕೈ ಹತ್ತಿರ ಇರಲಿ, ಮೊಣಕೈ ಬಗ್ಗಿರಲಿ. ಮೊದಲು ಮೈ ಕೆಳಗಿಳಿಯಬೇಕು, ಆಮೇಲೆ ಕೈ. ಎರಡು, ಅರ್ಧಕ್ಕೆ ಹೆದರಿ ನಿಲ್ಲಿಸುವುದು. ಬೋರ್ಡ್ ಓರೆಯಾಗಿ ನಿಂತರೆ ಚಕ್ರ ಮತ್ತೆ ನೆಲ ಕಚ್ಚಿ ನಿಮ್ಮನ್ನು ಎಸೆಯುತ್ತದೆ. ಪೂರ್ತಿ ಅಡ್ಡ ಬಂದರೆ ಮಾತ್ರ ಜಾರುತ್ತದೆ. ದಪ್ಪ ಗ್ಲೌಸ್ ಇಲ್ಲದೆ ಇದನ್ನು ಮಾಡಬೇಡಿ, ಅಂಗೈ ಚರ್ಮ ಮತ್ತೆ ಬೆಳೆಯಲು ಟೈಮ್ ಬೇಕು.

ನಿಂತೇ ಜಾರುವ ಪವರ್‌ಸ್ಲೈಡ್ ಇದರ ನಂತರ ಕಲಿಯಿರಿ. ಹೇಳಲು ವಿಶೇಷ ಏನಿಲ್ಲ. ಬರ್ಟ್ ಬಂದವರಿಗೆ ಜಾರುವ ಚಕ್ರದ ಅನುಭವ ಕಾಲಿಗೆ ಗೊತ್ತಾಗಿರುತ್ತದೆ, ಕೈ ಎತ್ತುವುದಷ್ಟೇ ಬಾಕಿ.

ನೋ ಕಂಪ್ಲೈ, ಆಮೇಲೆ ಬೋನ್‌ಲೆಸ್

ನೋ ಕಂಪ್ಲೈ ಸ್ಕೇಟರ್ ನೀಲ್ ಬ್ಲೆಂಡರ್ ಅವರ ಹುಚ್ಚಾಟದಿಂದ ಹುಟ್ಟಿದ ಟ್ರಿಕ್. ಅದನ್ನು ರಸ್ತೆಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಮಾಡಿ ಜನರ ಮನಸ್ಸಿಗೆ ತಂದವರು ರೇ ಬಾರ್ಬಿ, 1980ರ ದಶಕದ ಕೊನೆಗೆ. ಆ ಕಾಲದ ವಿಡಿಯೊಗಳಲ್ಲಿ ಅವರನ್ನು ನೋಡಿದರೆ ಒಂದು ಟ್ರಿಕ್ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಹೆಜ್ಜೆ ಹಾಕುತ್ತಾ ಹೋಗುತ್ತಾರೆ, ಬೋರ್ಡ್ ಸುತ್ತ ತಿರುಗುತ್ತಾ ಬರುತ್ತದೆ.

ಹಿಂದಿನ ಕಾಲಿನ ಮುಂಭಾಗ ಟೇಲ್ ಮೇಲೆ. ಮುಂದಿನ ಕಾಲು ಟ್ರಕ್ ಬಿಗಿದ ಬೋಲ್ಟ್‌ಗಳ ಹತ್ತಿರ, ಹಿಮ್ಮಡಿ ಬೋರ್ಡಿನ ಅಂಚಿನಿಂದ ಸ್ವಲ್ಪ ಹೊರಗೆ. ನಿಧಾನ ಉರುಳಿ. ಈಗ ಮುಂದಿನ ಕಾಲನ್ನು ಹಿಮ್ಮಡಿಯ ಕಡೆಗೆ ಜಾರಿಸಿ ನೆಲಕ್ಕಿಡಿ. ನಾವು ಮೊದಲು ಅಭ್ಯಾಸ ಮಾಡಿದೆವಲ್ಲ, ಅದೇ ಹೆಜ್ಜೆ. ಮುಂದಿನ ಭಾರ ಹೋದ ಕ್ಷಣ ಟೇಲ್ ತಾನಾಗಿ ಕೆಳಗೆ ಹೋಗುತ್ತದೆ, ನೋಸ್ ಏಳುತ್ತದೆ. ಗಮನಿಸಿ, ನೀವು ಟೇಲನ್ನು ಕುಟ್ಟಲಿಲ್ಲ. ಕುಟ್ಟುವ ಅಗತ್ಯವೇ ಇಲ್ಲ. ಹಿಂದಿನ ಕಾಲು ಟೇಲನ್ನು ಬೆನ್ನ ಹಿಂದಕ್ಕೆ ಗುಡಿಸಿದಂತೆ ಸರಿಸುತ್ತದೆ. ಬೋರ್ಡ್ ಅರ್ಧ ಸುತ್ತು ತಿರುಗುತ್ತದೆ. ನೆಲದ ಮೇಲಿನ ಕಾಲಿನಿಂದ ಪುಟಿದು ಮತ್ತೆ ಹತ್ತುತ್ತೀರಿ.

ಕೇಳಲು ನಾಲ್ಕು ಕೆಲಸ ಇದ್ದಂತೆ ಇದೆ. ಮಾಡುವಾಗ ಅದು ಒಂದೇ. ಹೆಜ್ಜೆ ಸರಿ ಬಿದ್ದರೆ ಮಿಕ್ಕಿದ್ದು ಹಿಂದೆಯೇ ಬರುತ್ತದೆ. ಹೆಜ್ಜೆ ಬೋರ್ಡಿನಿಂದ ದೂರ ಬಿದ್ದರೆ ಮಾತ್ರ ಏನು ಮಾಡಿದರೂ ಆಗದು. ಬೋರ್ಡ್ ಒಂದು ಕಡೆ, ನೀವು ಒಂದು ಕಡೆ. ಹಾಗಾಗಿ ಬೋರ್ಡಿಗೆ ಒತ್ತಿಕೊಂಡಂತೆ ಕಾಲಿಡಿ. ಇನ್ನೊಂದು, ಕಣ್ಣು ಬೋರ್ಡ್ ಮೇಲೆ ಬೇಡ. ಹೆಗಲು ತಿರುಗಬೇಕಾದ ಕಡೆ ನೋಡಿ, ಅದು ತಿರುಗುತ್ತದೆ.

ಬೋನ್‌ಲೆಸ್ ಇದರ ಅಣ್ಣ. ವಯಸ್ಸಿನಲ್ಲೂ ಅಣ್ಣನೇ. ಗ್ಯಾರಿ ಸ್ಕಾಟ್ ಡೇವಿಸ್ ಹೆಸರಿಗೆ ಸೇರಿದ ಟ್ರಿಕ್ ಇದು. ಕುಕ್ಕರಿಸಿ, ಹಿಂದಿನ ಕೈಯಲ್ಲಿ ಬೋರ್ಡಿನ ನಡು ಅಂಚನ್ನು ಹಿಡಿದು, ಮುಂದಿನ ಕಾಲನ್ನು ನೆಲಕ್ಕಿಟ್ಟು, ಆ ಕಾಲಿನಿಂದ ಜೋರಾಗಿ ಹಾರಿ, ಗಾಳಿಯಲ್ಲೇ ಬೋರ್ಡನ್ನು ಕಾಲಿನ ಕೆಳಗೆ ಸೇರಿಸಿಕೊಳ್ಳುವುದು. ಆಲಿಗಿಂತ ಎತ್ತರ ಹೋಗುವುದು ಇದರಲ್ಲಿ ಸುಲಭ. ಇಡೀ ಕಾಲು ಗಟ್ಟಿ ನೆಲವನ್ನು ಒದ್ದು ಹಾರುತ್ತಿದೆ, ಬೋರ್ಡನ್ನು ಕೈ ಎತ್ತಿಕೊಂಡು ಬರುತ್ತಿದೆ. ಬೌಲಿನ ಅಂಚಿನಲ್ಲಿ ಇದನ್ನು ಮಾಡುವವರು ತಲೆಯೆತ್ತರ ಹೋಗುವುದುಂಟು.

ನಿಂತಲ್ಲೇ ಶುರು ಮಾಡಬಹುದಾದ ಟ್ರಿಕ್ ಇದು. ಹುಲ್ಲಿನ ಮೇಲೆ ಮಾಡಿ. ಕೈ ಬೋರ್ಡನ್ನು ಎಳೆಯುತ್ತದೆ, ಕಾಲು ಮಾತ್ರ ಹಾರುವುದಿಲ್ಲ, ಇದು ಎಲ್ಲರ ಕಥೆ. ಮೊದಲು ಬೋರ್ಡ್ ಇಲ್ಲದೆ ಒಂಟಿ ಕಾಲಿನಲ್ಲಿ ಹಾರಿ ಎರಡು ಕಾಲಲ್ಲಿ ಇಳಿಯಿರಿ. ಅಷ್ಟು ಎತ್ತರ ಹಾರುವ ಧೈರ್ಯ ಬಂದ ಮೇಲೆ ಬೋರ್ಡ್ ಹಿಡಿಯಿರಿ. ಇಳಿಯುವಾಗ ಎರಡೂ ಕಾಲು ಬೋಲ್ಟ್‌ಗಳ ಮೇಲೇ ಇರಬೇಕು. ನಡುವೆ ಇಳಿದರೆ ಡೆಕ್ ಮುರಿಯುತ್ತದೆ. ಡೆಕ್ ಹೋದರೆ ಹೋಗಲಿ, ಕಾಲು ಉಳುಕಬಾರದು.

ಅಂಚುಕಲ್ಲಿನ ಮೇಲೆ

ಫುಟ್‌ಪಾತಿನ ಅಂಚಿನ ಮೇಲೆ ಟ್ರಕ್ಕಿನ ಲೋಹ ಉಜ್ಜಿಕೊಂಡು ಹೋಗುವುದಕ್ಕೆ ಗ್ರೈಂಡ್ ಅನ್ನುತ್ತಾರೆ. ಆಲಿ ಬಂದವರು ಹಾರಿ ಅದರ ಮೇಲೆ ಇಳಿಯುತ್ತಾರೆ. ಆಲಿ ಇಲ್ಲದೆ, ನೇರ ಚಕ್ರವನ್ನೇ ಅಂಚಿಗೆ ಗುದ್ದಿ ಹತ್ತುವುದು ಸ್ಲ್ಯಾಪಿ. ಕೇಳಿದವರು ಇದು ಆಗುವ ಮಾತಲ್ಲ ಅನ್ನುತ್ತಾರೆ. ಆಗುತ್ತದೆ.

ಅಂಚು ಗಿಡ್ಡಗಿರಬೇಕು, ಮೂಲೆ ಸವೆದು ದುಂಡಗಾಗಿದ್ದರೆ ಇನ್ನೂ ಚೆನ್ನ. ಬಣ್ಣ ಬಳಿದಿದ್ದರೆ ನಯವಾಗಿರುತ್ತದೆ. ಸುಮಾರು 30ರಿಂದ 45 ಡಿಗ್ರಿ ಓರೆಯಲ್ಲಿ, ಅನುಮಾನ ಬೇಡ ಅನ್ನುವಷ್ಟು ವೇಗದಲ್ಲಿ ಬನ್ನಿ. ಮುಟ್ಟುವ ಮುಂಚೆ ಕುಕ್ಕರಿಸಿ. ಚಕ್ರ ಅಂಚಿಗೆ ತಾಗುವ ಕ್ಷಣಕ್ಕೆ ಎದ್ದು ನಿಲ್ಲಿ, ಮುಂದಿನ ಕಾಲಿನ ಭಾರ ತೆಗೆಯಿರಿ. ಭಾರ ಇಲ್ಲದ ಚಕ್ರ ಪುಟಿದು ಮೇಲೇರುತ್ತದೆ. ಭಾರ ಇದ್ದ ಚಕ್ರ ಅಲ್ಲೇ ನಿಲ್ಲುತ್ತದೆ. ಮುಂದಿನ ಟ್ರಕ್ ಹತ್ತಿದ ಮೇಲೆ ಹೆಗಲನ್ನು ಅಂಚಿಗೆ ಸಮವಾಗಿ ತಿರುಗಿಸಿ ಮೈಯನ್ನು ಅದರ ಮೇಲೆ ತನ್ನಿ. ಹಿಂದಿನ ಟ್ರಕ್ ಹಿಂಬಾಲಿಸುತ್ತದೆ. ಸಡಿಲ ಟ್ರಕ್ ಬೇಕು ಅಂತ ಯಾಕೆ ಹೇಳಿದೆ ಅಂತ ಇಲ್ಲಿ ಗೊತ್ತಾಗುತ್ತದೆ.

ನಿಧಾನವಾಗಿ ಬಂದರೆ ಸುರಕ್ಷಿತ ಅನ್ನಿಸುತ್ತದೆ ಅಲ್ವಾ? ಸ್ಲ್ಯಾಪಿಯಲ್ಲಿ ನಿಧಾನವೇ ಅಪಾಯ. ಬೋರ್ಡ್ ಅಂಚಿಗೆ ಬಡಿದು ನಿಂತರೆ ನೀವು ಫುಟ್‌ಪಾತ್ ಮೇಲೆ ಓಡಿಹೋಗಬೇಕು. ಮತ್ತೆ ಅದೇ ಮುಂದಿನ ಹೆಜ್ಜೆ. ಆ ಹೆಜ್ಜೆ ಕಲಿಯದವರಿಗೆ ನಾನು ಸ್ಲ್ಯಾಪಿ ಹೇಳಿಕೊಡುವುದೇ ಇಲ್ಲ.

ಫ್ರೀಸ್ಟೈಲ್, ಅಂದರೆ ಸಮತಟ್ಟು ನೆಲದ ಮೇಲೆ ಮಾಡುವ ಕಸರತ್ತಿನ ಟ್ರಿಕ್‌ಗಳು, ಬೇರೆಯೇ ಲೋಕ. ಬೋರ್ಡನ್ನು ಪಕ್ಕಕ್ಕೆ ನಿಲ್ಲಿಸಿ ಚಕ್ರಗಳ ಮೇಲೆ ನಿಲ್ಲುವ ರೈಲ್ ಸ್ಟ್ಯಾಂಡ್, ತಲೆಕೆಳಗಾದ ಬೋರ್ಡಿನ ಟೇಲ್ ಮೇಲೆ ತೂಕ ಹಿಡಿಯುವ ಕ್ಯಾಸ್ಪರ್, ಇವಕ್ಕೆ ಕಿರಿದಾದ ಡೆಕ್ ಇದ್ದರೆ ಅನುಕೂಲ. ಜಾಗ ತುಂಬ ಕಡಿಮೆ ಸಾಕು. ನನಗೆ ಅವುಗಳ ತಾಳ್ಮೆ ಇಲ್ಲ, ಆದ್ದರಿಂದ ಜಾಸ್ತಿ ಹೇಳುವುದಿಲ್ಲ. ವಾಕ್ ದಿ ಡಾಗ್ ಒಂದನ್ನು ಮಾತ್ರ ಎಲ್ಲರೂ ಕಲಿಯಿರಿ. ಒಂದು ಕಾಲು ಬೋರ್ಡಿನ ನಡುವೆ ಇಟ್ಟು, ಇನ್ನೊಂದರಿಂದ ನೋಸ್ ಮತ್ತು ಟೇಲನ್ನು ಸುತ್ತಿಸುತ್ತಾ ಮುಂದೆ ಹೋಗುವುದು. ಕಾಲನ್ನು ನೋಡದೆ ಕಾಲಿಡುವ ಅಭ್ಯಾಸ ಅದರಿಂದ ಬರುತ್ತದೆ.

ಪ್ರಶ್ನೆಗಳು

ಆಲಿ ಬಾರದೆ ಇವೆಲ್ಲ ಕಲಿತರೆ ಮುಂದೆ ಆಲಿ ಕಲಿಯಲು ಕಷ್ಟ ಆಗುವುದಿಲ್ಲವೇ ಅಂತ ಒಬ್ಬರು ಕೇಳಿದರು.

ಇಲ್ಲ. ಟೇಲ್ ಮೆಟ್ಟಿದರೆ ನೋಸ್ ಏಳುತ್ತದೆ, ಭಾರ ತೆಗೆದರೆ ಬೋರ್ಡ್ ಹಗುರಾಗುತ್ತದೆ ಅನ್ನುವುದು ನಿಮ್ಮ ಕಾಲಿಗೆ ಆಗಲೇ ಗೊತ್ತಿರುತ್ತದೆ. ಆಲಿಯಲ್ಲಿ ಹೊಸದಾಗಿ ಬರುವುದು ಮುಂಗಾಲು ಉಜ್ಜುವುದು, ಅದರ ಹೊತ್ತು ಸರಿಹೊಂದಿಸುವುದು. ಅದು ಯಾರಿಗಾದರೂ ಟೈಮ್ ತೆಗೆದುಕೊಳ್ಳುತ್ತದೆ. ಆ ಸಮಯದಲ್ಲಿ ಬೇರೆ ಮಜಾ ಇದ್ದರೆ ಜನ ಬಿಟ್ಟು ಹೋಗುವುದಿಲ್ಲ.

ನಲವತ್ತು ದಾಟಿದವರು ಶುರು ಮಾಡಬಹುದೇ ಅನ್ನುವುದು ಇನ್ನೊಂದು ಪ್ರಶ್ನೆ.

ಮಾಡಬಹುದು. ಆದರೆ ಕ್ರಮ ಬದಲಿಸಿಕೊಳ್ಳಿ. ಟಿಕ್-ಟ್ಯಾಕ್, ವಾಕ್ ದಿ ಡಾಗ್, ಇಳಿಯುವ ಹೆಜ್ಜೆ, ನೋ ಕಂಪ್ಲೈ. ಬೋನ್‌ಲೆಸ್ ಹುಲ್ಲಿನ ಮೇಲೆ ಸಾಕು. ಬೋರ್ಡ್ ಕೈಯಲ್ಲಿ ಹಿಡಿದು ಕಟ್ಟೆಯಿಂದ ಕೆಳಗೆ ಹಾರುವ ಬಾಂಬ್ ಡ್ರಾಪ್ ಬೇಡವೇ ಬೇಡ. ಅದರಲ್ಲಿ ಕಲಿಯುವುದು ಕಡಿಮೆ, ಮುರಿಯುವುದು ಜಾಸ್ತಿ. ಮಣಿಕಟ್ಟಿನ ಗಾರ್ಡ್ ಹಾಕಿಕೊಳ್ಳಿ.

ಅಂಚುಕಲ್ಲಿಗೆ ಮೇಣ ಹಚ್ಚಬಹುದೇ ಅಂತ ಒಬ್ಬ ಹುಡುಗ ಕೇಳಿದ. ಮೇಣ ಹಚ್ಚಿದರೆ ಚೆನ್ನಾಗಿ ಜಾರುತ್ತದೆ, ನಿಜ. ಆದರೆ ಜನ ನಡೆಯುವ ಜಾಗದಲ್ಲಿ ಹಚ್ಚಿದರೆ ಅವರೂ ಜಾರುತ್ತಾರಪ್ಪ. ಕಪ್ಪು ಕಲೆ ಉಳಿಯುತ್ತದೆ, ಲೋಹ ಉಜ್ಜಿ ಅಂಚು ಒಡೆಯುತ್ತದೆ. ಸ್ಕೇಟ್ ಪಾರ್ಕಿನಲ್ಲಿ ಹಚ್ಚು, ಅದೂ ಅಲ್ಲಿರುವವರನ್ನು ಕೇಳಿ. ಪಾರ್ಕ್ ಇಲ್ಲದಿದ್ದರೆ ಒಂದು ಉದ್ದದ ಕಾಂಕ್ರೀಟ್ ಕಲ್ಲು ತಂದು ನಿನ್ನದೇ ಅಂಚು ಮಾಡಿಕೋ.

ಕೊನೆಗೆ ಒಬ್ಬರು ಕೇಳಿದ್ದು ನೋ ಕಂಪ್ಲೈ ಬಗ್ಗೆಯೇ. ಹೆಜ್ಜೆ ಸರಿ ಬೀಳುತ್ತದೆ, ಬೋರ್ಡ್ ತಿರುಗುತ್ತದೆ, ಹತ್ತಿದ ಕೂಡಲೇ ಹಿಂದಕ್ಕೆ ಬೀಳುತ್ತೇನೆ, ಯಾಕೆ ಅಂತ. ಅರ್ಧ ಸುತ್ತು ತಿರುಗಿದ ಮೇಲೆ ನೀವು ಫೇಕಿಯಲ್ಲಿ, ಅಂದರೆ ಟೇಲ್ ಮುಂದಾಗಿ ಹೋಗುತ್ತಿರುತ್ತೀರಿ. ಭಾರ ಅಭ್ಯಾಸಬಲದಿಂದ ಟೇಲ್ ಮೇಲೇ ಉಳಿದಿದೆ. ಟೇಲ್ ಈಗ ಮುಂದಿದೆ, ಅದನ್ನು ಮೆಟ್ಟಿದರೆ ನೆಲಕ್ಕೆ ಉಜ್ಜಿ ಬ್ರೇಕ್ ಹಾಕಿದಂತಾಗುತ್ತದೆ. ಟ್ರಿಕ್ ಬಿಟ್ಟು ಒಂದು ದಿನ ಬರೀ ಫೇಕಿಯಲ್ಲಿ ಉರುಳಿ. ಇಳಿಜಾರು ಹತ್ತಿ, ತಿರುಗದೆ ಹಾಗೇ ಹಿಂದಕ್ಕೆ ಇಳಿಯಿರಿ. ಎರಡೂ ಕಾಲು ಬೋಲ್ಟ್ ಮೇಲೆ, ಭಾರ ನಡುವೆ, ಕಣ್ಣು ಹೋಗುವ ದಿಕ್ಕಿಗೆ. ಅದು ಬಂದ ಮೇಲೆ ನೋ ಕಂಪ್ಲೈಗೆ ವಾಪಸ್ ಬನ್ನಿ.

ಹೊರಗೆ ಮೂರು ಬೋರ್ಡ್ ಇಟ್ಟಿದ್ದೇವೆ. ನೋಡಬೇಕೆನ್ನುವವರು ಬನ್ನಿ, ಇಳಿಯುವ ಹೆಜ್ಜೆ ತೋರಿಸುತ್ತೇನೆ. ಚಪ್ಪಲಿ ಹಾಕಿಕೊಂಡು ಬಂದವರು ಸುಮ್ನೆ ನಿಂತು ನೋಡಿ, ಬೋರ್ಡ್ ಕೊಡುವುದಿಲ್ಲ.